ಒಂದೇ ಮನೆಯ ಎರಡು ಬಾಗಿಲು

ಅಣ್ಣ ತಂಗಿ ಇಬ್ಬರದೂ ಒಂದೇ ಕಚೇರಿ, ಎದುರುಬದುರು ಮೇಜು. ಕೈಯಲ್ಲಿ ಮುಟ್ಟಲಾಗದ, ಕಂಪ್ಯೂಟರಿನೊಳಗೆ ಬರೀ ಲೆಕ್ಕದಿಂದ ಹುಟ್ಟಿದ, ಸುದ್ದಿ ಸಾಗಿಸುವ ನೆಟ್‌ವರ್ಕ್ ಕಾರ್ಡುಗಳಿವೆ. ಅವುಗಳನ್ನು ನಡೆಸುವ ಡ್ರೈವರ್ ಎಂಬ ಪ್ರೋಗ್ರಾಂ ಬರೆಯುವವನು ಅಣ್ಣ. ಅದು ಸರಿಯಿದೆಯೇ ಎಂದು ತಾವಾಗಿಯೇ ನೋಡುವ ಪರೀಕ್ಷೆಗಳನ್ನು ಕಟ್ಟುವವಳು ತಂಗಿ. "ಇವನು ಮಾಡ್ತಾನೆ, ಅವಳು ತಪ್ಪು ಹುಡುಕ್ತಾಳೆ. ಮನೇಲೂ ಹಾಗೇ, ಸಂಬಳ ಮಾತ್ರ ಇಲ್ಲ" ಎಂದು ಅವರಮ್ಮ ಕೇಳಿದವರಿಗೆಲ್ಲ ಹೇಳುತ್ತಿದ್ದರು.

ಅವತ್ತು ಬೆಳಿಗ್ಗೆ ಒಂದು ಆಸ್ಪತ್ರೆಯಿಂದ ದೂರು ಬಂತು. ಹೊಸ ಡ್ರೈವರನ್ನು ಮೊದಲು ಹಾಕಿಸಿಕೊಂಡವರು ಅವರು. ರೋಗಿಗಳ ಎದೆಬಡಿತ ತೋರಿಸುವ ಪರದೆ ಮೂರು ಸಲ, ನಲವತ್ತು ನಲವತ್ತು ಸೆಕೆಂಡು, ಕಲ್ಲಾಗಿ ನಿಂತಿತ್ತಂತೆ. ಸಂಜೆ ನಾಲ್ಕಕ್ಕೆ ಅದೇ ಡ್ರೈವರ್ ಇನ್ನೂ ಹನ್ನೊಂದು ಆಸ್ಪತ್ರೆಗಳಿಗೆ ಹೊರಡುವುದಿತ್ತು. ಕಳಿಸಲೇ ಎಂದು ಅಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಗೋಡೆಯ ಫಲಕದಲ್ಲಿ ತಂಗಿಯ ನಾನೂರ ಹನ್ನೆರಡು ಪರೀಕ್ಷೆಗಳು ಹಸಿರಾಗಿದ್ದರೆ ಸಾಕು, ತಾನೇ ಹೊರಡುತ್ತದೆ.

"ನಿನ್ನ ಹಸಿರಿದೆಯಲ್ಲ ಗುಬ್ಬಿ. ಅವರ ಕೇಬಲ್ಲೇ ಸಡಿಲ ಇರ್ಬೇಕು," ಎಂದ ಅಣ್ಣ.

"ಹಸಿರಿದೆ. ಅದಕ್ಕೇ ಭಯ."

ಆ ಕಾರ್ಡುಗಳಿಗೆ ಅವಳು ಕೊಡದ ಹಿಂಸೆಯಿಲ್ಲ. ಹೊರೆ ಹೇರಿದಳು, ಕಾರ್ಡು ಕಾರ್ಡಿನ ನಡುವಿನ ತಂತಿ ಕಡಿದಳು, ಮತ್ತೆ ಜೋಡಿಸಿದಳು. ಆ ತಂತಿಯೂ ಲೆಕ್ಕದ್ದೇ. ಎಲ್ಲಾ ಹಸಿರು. ಊಟದ ಡಬ್ಬಿ ತೆರೆಯದೆ ಮೇಜಿನ ಮೂಲೆಯಲ್ಲಿ ಕೂತಿತ್ತು. ಮೂರು ಗಂಟೆಗೆ ಅವಳು ಕಣ್ಣು ಮುಚ್ಚಿ, ಭಗವಂತಾ, ತಪ್ಪು ಎಲ್ಲಿದ್ದರೂ ಸರಿಯೇ, ನನಗೆ ಕಾಣಿಸು ಎಂದು ಬೇಡಿಕೊಂಡಳು. ಹಾಗೆ ಬೇಡುವಾಗ ಅದು ತನ್ನದೇ ಆಗಿರಬಹುದೆಂದು ಯಾರಿಗೆ ತಾನೇ ಹೊಳೆಯುತ್ತದೆ?

ಮತ್ತೊಮ್ಮೆ ಓಡಿಸಿದಳು. ನಾನೂರ ಹನ್ನೆರಡೂ ಹಸಿರು. ಆಮೇಲೆ ನೋಡಿದರೆ, ಈ ಸಲ ಕಡಿದ ತಂತಿಯನ್ನು ಜೋಡಿಸಲು ಮರೆತಿದ್ದಳು.

ತಂತಿಯೇ ಇಲ್ಲದೆ ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಸುದ್ದಿ ತಲುಪಿದ್ದು ಹೇಗೆ? ಮೂರು ವರ್ಷದ ಹಿಂದೆ, ಸುಲಭವಾಗಲೆಂದು, ಎರಡೂ ಕಾರ್ಡುಗಳನ್ನು ಅವಳು ಒಂದೇ ಯಂತ್ರದಲ್ಲಿ ಇಟ್ಟಿದ್ದಳು, ಒಂದೇ ಮನೆಯ ಎರಡು ಬಾಗಿಲಿನ ಹಾಗೆ. ಮುಂಬಾಗಿಲಿಂದ ಹೊರಟ ಪತ್ರ ಬೀದಿ ಸುತ್ತಿ ಹಿಂಬಾಗಿಲಿಗೆ ಬರಬೇಕಿತ್ತು. ಮನೆಯವರೋ ವಿಳಾಸ ನೋಡಿ, ಇದು ನಮ್ಮದೇ ತಾನೆ ಎಂದು ಒಳಗಿಂದೊಳಗೇ ಕೈದಾಟಿಸುತ್ತಿದ್ದರು. ಮೂರು ವರ್ಷದಲ್ಲಿ ಒಂದು ಪತ್ರವೂ ಹೊಸ್ತಿಲು ದಾಟಿರಲಿಲ್ಲ.

ಕಾರ್ಡುಗಳನ್ನು ಎರಡು ಬೇರೆ ಯಂತ್ರಗಳಿಗೆ ಹಾಕಿ ಓಡಿಸಿದಳು. ಅರವತ್ತೊಂದನೆಯ ಪರೀಕ್ಷೆಯಲ್ಲಿ ಎಲ್ಲ ನಿಂತಿತು. ಸೆಕೆಂಡು ಎಣಿಸಿದಳು. ನಲವತ್ತು.

"ಅಣ್ಣ, ಬಾ ಇಲ್ಲಿ."

"ಸಿಕ್ತಾ? ನನ್ನ ತಪ್ಪಾ?"

"ನಿಂದು ಒಂದು. ನಂದು ನಾನೂರ ಹನ್ನೆರಡು."

ಅವನು ಬಗ್ಗಿ ಓದಿದ. ಗಡಿಯಾರದಲ್ಲಿ ನಾಲ್ಕಕ್ಕೆ ಹನ್ನೆರಡು ನಿಮಿಷವಿತ್ತು. ಫಲಕ ಮಾತ್ರ ಹಳೆಯ ಹಸಿರಲ್ಲೇ ಮಿನುಗುತ್ತಿತ್ತು. ತಡೆಯಬೇಕಾದರೆ ಕಾರಣ ಬರೆಯಬೇಕು, ಕೆಳಗೆ ಹೆಸರಿರಬೇಕು, ಕಚೇರಿಗೆಲ್ಲ ಕಾಣುತ್ತದೆ.

"ಕೇಬಲ್ ಅನುಮಾನ ಅಂತ ಬರಿ," ಅಣ್ಣ ದನಿ ತಗ್ಗಿಸಿದ. "ಇವತ್ತಿಗೆ ನಿಲ್ಲುತ್ತೆ. ಉಳಿದಿದ್ದು ನಾವಿಬ್ರೇ ಮೆಲ್ಲಗೆ ಸರಿ ಮಾಡ್ಕೊಳ್ಳೋಣ."

"ಆ ಆಸ್ಪತ್ರೆಯವರು ಕೇಬಲ್ ಬದಲಾಯಿಸ್ತಾ ಕೂತಿರ್ತಾರೆ ಅಣ್ಣ. ಮಂಚದ ಮೇಲಿರೋರು?"

ಅವಳು ಬರೆದಳು: ಮೂರು ವರ್ಷದಿಂದ ನನ್ನ ಪರೀಕ್ಷೆಗಳು ಈ ಕಾರ್ಡುಗಳನ್ನು ಮುಟ್ಟಿಯೇ ಇಲ್ಲ. ಫಲಕ ಕೆಂಪಾಯಿತು. ಆಚೀಚೆ ಮೇಜಿನವರು ಒಬ್ಬೊಬ್ಬರಾಗಿ ತಲೆಯೆತ್ತಿದರು.

"ಗುಬ್ಬಿ, ಹಿಂದೆ ಕಳಿಸಿದ ಏಳು ಡ್ರೈವರು?"

"ಅವೂ ಇದೇ ಹಸಿರು ನಂಬಿ ಹೋದವು."

ಅಣ್ಣ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ. ಆ ಏಳನ್ನು ಹಾಕಿಸಿಕೊಂಡ ಆಸ್ಪತ್ರೆಗಳ ಪಟ್ಟಿ ಪರದೆಯ ಕೆಳಗೂ ಮುಂದುವರಿದಿತ್ತು. ಅವಳು ಮೊದಲ ನಂಬರು ಒತ್ತಿದಳು. ಆ ಕಡೆ ಫೋನು ಬಡಿದುಕೊಳ್ಳುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಅವಳು ಸೆಕೆಂಡು ಎಣಿಸತೊಡಗಿದಳು.