ಎರವಲು ದನಿ

ವಿಸ್ತುಲಾ ನದಿಯ ದಂಡೆಯ ಆ ಪೇಟೆಯಲ್ಲಿ, ಊರವರ ದನಿಗಳನ್ನೆಲ್ಲ ಅಣಕಿಸುವ ಝೆನೊನ್ ಬಾಯಿ ತೆರೆದರೆ ಯಾರು ಹೊರಬರುತ್ತಾರೋ ಹೇಳುವಂತಿರಲಿಲ್ಲ. ಮೇಯರ್ ಬರಬಹುದು, ಮೇಯರನ ಹುಂಜವೂ ಬರಬಹುದು. ಹೆಚ್ಚಾಗಿ ಬರುತ್ತಿದ್ದವರು ಫಾದರ್ ಬೊನಿಫಾತ್ಸಿ. ಮಾತಿಗೊಮ್ಮೆ ಮೂಗಿನಲ್ಲಿ "ಹ್ಞೂಂ, ಮಗಳೇ" ಎನ್ನುವ ಆ ದನಿಗೆ ಅವನ ತಾಯಿ ಗೆನೊವೆಫಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಎಲೆ ಉದುರುವ ಕಾಲಕ್ಕೆ ಆಕೆ ಡಯಾಲಿಸಿಸ್ ಸಾಕು ಎಂದಳು. "ಆ ಯಂತ್ರ ನನ್ನನ್ನ ಒಗೆದು ಹಿಂಡಿ ಹಾಕುತ್ತೆ ಕಣೋ. ಕುಡಿಯೋ ನೀರಿಗೂ ಅಳತೆ. ಒಂದ್ಸಲ ಹೊಟ್ಟೆ ತುಂಬ ಚಹಾ ಕುಡಿದು ಹೋಗ್ತೀನಿ, ಬಿಡು."

ಝೆನೊನ್ ಬೇಡಿದ, ಬೈದ, ಅತ್ತ. ಕೊನೆಗೆ ಹಿತ್ತಲಿಗೆ ಹೋಗಿ ಮನೆಗೇ ಫೋನ್ ಮಾಡಿದ. "ಹ್ಞೂಂ, ಮಗಳೇ, ಚಿಕಿತ್ಸೆ ಬೇಡ ಅನ್ನೋದು ಆತ್ಮಹತ್ಯೆಗೆ ಸಮ. ಮೇಲಿರೋನಿಗೆ ಏನಂತ ಉತ್ತರ ಕೊಡ್ತೀ?"

ಇಂಥದ್ದರಲ್ಲೂ ಮಗ ಆಟವಾಡುತ್ತಾನೆಂದು ಆಕೆಗೆ ಹೊಳೆಯಲಿಲ್ಲ. ಮರುದಿನ ತಾನೇ ಕೋಟು ತೊಟ್ಟು ಆಸ್ಪತ್ರೆಯ ವ್ಯಾನಿಗೆ ಕಾದು ನಿಂತಳು.

ಜನವರಿಯಲ್ಲಿ, ಮನೆಮನೆ ಹರಸುವ ವಾಡಿಕೆಯಂತೆ, ನಿಜವಾದ ಫಾದರ್ ಬಂದರು. ಮೇಜಿನ ಬಿಳಿ ಹಾಸಿನ ಮೇಲೆ ಶಿಲುಬೆ, ಮೇಣದಬತ್ತಿ, ತೀರ್ಥದ ಬಟ್ಟಲು. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ, ಶಿಶು ಯೇಸುವನ್ನು ಕಾಣಲು ಬಂದ ಮೂವರು ಅರಸರ ಹೆಸರಿನ ಮೊದಲಕ್ಷರ ಬರೆದು ಕುಳಿತವರು, ಆಕೆಯ ತೋಳಿನಲ್ಲಿ ಡಯಾಲಿಸಿಸ್ ಸೂಜಿ ಚುಚ್ಚಿ ಎದ್ದ ಕರಿಗಂಟುಗಳನ್ನು ಕಂಡರು.

"ಬಹಳ ನೋವಾ, ಗೆನೊವೆಫಾ?"

"ಬೇಡ ಅಂದ್ರೆ ಪಾಪ ಅಂತ ನೀವೇ ಹೇಳಿದ್ರಲ್ಲ ಫಾದರ್. ಹೊರ್ತಾ ಇದೀನಿ."

"ಹ್ಞೂಂ? ನಾನಾ? ಸಾಯೋಕೆ ಸೂಜಿ ಚುಚ್ಚಿ ಅನ್ನೋದು ಪಾಪ. ಹೊರಲಾರದ ಚಿಕಿತ್ಸೆ ಸಾಕು ಅನ್ನೋದಲ್ಲ. ಯಾರಮ್ಮಾ ನಿಂಗೆ ಹಾಗಂದಿದ್ದು?"

ಗೆನೊವೆಫಾ ನಿಧಾನವಾಗಿ ಮಗನತ್ತ ತಿರುಗಿದಳು. ಗಸಗಸೆ ಕೇಕಿನ ತಟ್ಟೆ ಹಿಡಿದು ನಿಂತವನ ಕಿವಿಗಳು ಬೀಟ್‌ರೂಟ್ ಸಾರಿನ ಬಣ್ಣಕ್ಕೆ ಬಂದಿದ್ದವು.

"ವಯಸ್ಸಾಯ್ತಲ್ಲ ಫಾದರ್. ಕನಸೋ ಏನೋ," ಎಂದಳು ಆಕೆ. ತನಗಾಗಿ ಅಮ್ಮ ಪಾದ್ರಿಗೇ ಸುಳ್ಳು ಹೇಳಿದ್ದನ್ನು ಕೇಳಿ ಝೆನೊನ್ ತಟ್ಟೆಯನ್ನೇ ನೋಡುತ್ತ ನಿಂತ.

ಫಾದರ್ ಹೋದ ಮೇಲೂ ತಲೆ ಎತ್ತಲಿಲ್ಲ. "ನೀನು ಹೋಗ್ಬಿಡ್ತೀಯ ಅಂತ ಭಯ ಆಯ್ತಮ್ಮಾ..."

"ನಿನ್ನ ಭಯಾನ ನನ್ನ ತಲೆಗೆ ಕಟ್ಟಿದೆಯಲ್ಲೋ, ಕೋಡಂಗಿ. ಇಷ್ಟು ದಿನ ನರಕಕ್ಕೆ ಹೆದರ್ಕೊಂಡು ಮಲಗಿದ್ದೀನಿ." ಆಕೆ ಫೋನನ್ನು ಅವನ ಕೈಗೆ ತುರುಕಿದಳು. "ನಾಳೆಯಿಂದ ವ್ಯಾನ್ ಬೇಡ ಅನ್ನು. ನಿನ್ನ ದನೀಲೇ ಅನ್ನು."

ಆ ಕಡೆ ನರ್ಸ್ ಕೇಳಿದಳು: "ಯಾರು ಮಾತಾಡ್ತಿರೋದು?"



"ಗೆನೊವೆಫಾ ಅವರ ಮಗ," ಎಂದ ಝೆನೊನ್. ಅವನ ಬೆನ್ನ ಹಿಂದೆ ಅಮ್ಮ ಚಹಾಕ್ಕೆ ನೀರಿಟ್ಟಳು. ಕೆಟಲ್ ತುಂಬ.