ಆಟಕ್ಕೆ ಬೆನ್ನು ಹಾಕಿದ ಅತ್ತೆ

"ಕುರ್ಚಿ ಆ ಕಡೀಕೆ ತಿರುಗ್ಸೇ," ಎಂದಳು ವರಲಕ್ಷ್ಮಮ್ಮ.

ಮಗಳು ಪದ್ಮಲತಾ ಕೆಂಪು ಪ್ಲಾಸ್ಟಿಕ್ ಕುರ್ಚಿಯನ್ನು ಮೈದಾನದ ಕಡೆಗೆ ಮುಖಮಾಡಿ ಹಾಕಿದ್ದಳು. "ಆಟ ನಡಿಯೋದು ಈ ಕಡೆ ಕಣಮ್ಮಾ."

"ಗೊತ್ತು, ಅದುಕ್ಕೇ ಹೇಳಿದ್ದು. ಆಷಾಢದಾಗೆ ಅಳಿಯನ ಮುಖ ನೋಡಿ ಆ ಪಾಪ ನಾನ್ಯಾಕೆ ಕಟ್ಕಳ್ಳಲಿ?"

ಹೀಗಾಗಿ ಆ ಭಾನುವಾರ ಸಂಜೆ ಕಲ್ಯಾಣದುರ್ಗದ ಕಾಲೇಜು ಮೈದಾನದಲ್ಲಿ ಸೇರಿದ ಜನವೆಲ್ಲ ಒಂದು ದಿಕ್ಕಿಗೆ ಮುಖ ಮಾಡಿ ಕೂತರೆ, ಮುಂದಿನ ಸಾಲಿನ ವರಲಕ್ಷ್ಮಮ್ಮ ಒಬ್ಬಳೇ ಜನದ ಕಡೆ ಮುಖ ಮಾಡಿ ಕೂತಳು. ಬಸ್ ಸ್ಟ್ಯಾಂಡಿನ ಎದುರು ಇಡ್ಲಿ ಹೋಟೆಲು ನಡೆಸುವ ಹೆಂಗಸು. ಅವಳನ್ನು ಅರಿಯದವರು ಊರಲ್ಲಿಲ್ಲ, ಅವಳೆದುರು ನಗುವ ಧೈರ್ಯ ಇದ್ದವರೂ ಇಲ್ಲ.

ಮದುವೆಯಾದ ಮೊದಲ ಆಷಾಢದಲ್ಲಿ ಅತ್ತೆ ಅಳಿಯ ಒಂದೇ ಹೊಸ್ತಿಲು ದಾಟಬಾರದು ಎನ್ನುವುದು ಆ ಕಡೆಯ ಕಟ್ಟಳೆ. ಕಟ್ಟಳೆ ಹೇಳುವುದು ಹೊಸ್ತಿಲಿನ ಮಾತನ್ನು ಮಾತ್ರ. ಮುಖವನ್ನೂ ನೋಡಬಾರದು ಎಂದು ಸೇರಿಸಿದ್ದು ವರಲಕ್ಷ್ಮಮ್ಮನ ಸ್ವಂತ ಭಕ್ತಿ. ದೇವರಿಗೆ ಒಂದು ಸೌಟು ಹೆಚ್ಚಿಗೆ ಬಡಿಸಿದರೆ ನಷ್ಟವೇನಿಲ್ಲ ಎನ್ನುವ ಜಾತಿ ಅವಳದು. ವೈಶಾಖದಲ್ಲಿ ಮದುವೆಯಾಗಿದ್ದ ಪದ್ಮಲತಾ ಪದ್ಧತಿಯಂತೆ ತವರಿಗೆ ಬಂದಿದ್ದಳು. ಗಂಡ ಅಂಬರೀಶ್ ಹಿಂದೂಪುರದಲ್ಲೇ ಉಳಿದಿದ್ದ. ಇವತ್ತು ಹಿಂದೂಪುರದ ತಂಡದೊಂದಿಗೆ ಫುಟ್‌ಬಾಲ್ ಫೈನಲ್ ಆಡಲು ಅತ್ತೆಯ ಊರಿಗೇ ಬಂದಿಳಿದಿದ್ದ. ಮೈದಾನಕ್ಕೆ ಹೊಸ್ತಿಲಿಲ್ಲವಲ್ಲ!

ಅಂಬರೀಶ್ ಹುಡುಗಾಟಕ್ಕೆ ಚೆಂಡು ಒದೆಯುವವನಲ್ಲ. ಬೆಂಗಳೂರಿನಲ್ಲಿ, ಗೋವಾದಲ್ಲಿ ಸಂಬಳಕ್ಕೆ ಆಡಿದವನು. ಆಮೇಲೆ ಮೂರು ವರ್ಷ ಮಾಲ್ಡೀವ್ಸಿನ ಕ್ಲಬ್ಬೊಂದರಲ್ಲಿ ಮಿಡ್‌ಫೀಲ್ಡರ್ ಆಗಿದ್ದವನು. ಸಂಬಂಧ ಕುದುರಿಸುವಾಗ ವರಲಕ್ಷ್ಮಮ್ಮ ಒಂದೇ ಪ್ರಶ್ನೆ ಕೇಳಿದ್ದಳು: ಮೂರು ವರ್ಷಕ್ಕೆ ಎಷ್ಟು ಗೋಲು ಹೊಡೆದಿರಿ? ಹುಡುಗ ಸುಳ್ಳು ಹೇಳಲಿಲ್ಲ. ಎರಡು, ಎಂದ.

ಅವತ್ತೇ ತೀರ್ಮಾನವಾಯಿತು. "ಬರದೆ ಇರೋ ಕೆಲ್ಸಕ್ಕೆ ಸಮುದ್ರ ದಾಟಬೇಕಾ? ಆಟ ಬುಟ್ಟು, ಅಣ್ಣನ ಜೊತೆ ರೇಷ್ಮೆಗೂಡಿನ ವ್ಯಾಪಾರ ಮಾಡ್ಲಿ. ಹಂಗಾದ್ರೆ ಹುಡುಗೀನ ಕೊಡ್ತೀನಿ." ಪದ್ಮಲತಾಳ ಕಡೆ ಒಮ್ಮೆ ನೋಡಿ ಅಂಬರೀಶ್ ಹಿರಿಯರೆಲ್ಲರ ಮುಂದೆ ಮಾತು ಕೊಟ್ಟಿದ್ದ.

ಈಗ ಅದೇ ಕ್ಲಬ್ಬಿನವರು ಫೋನ್ ಮಾಡಿದ್ದರು. ಇನ್ನೆರಡು ವರ್ಷ ಬಾ, ಹೆಂಡತಿಯನ್ನೂ ಕರೆದುಕೊಂಡು ಬಾ, ಮನೆ ನಾವು ಕೊಡುತ್ತೇವೆ, ಭಾನುವಾರ ರಾತ್ರಿಯೊಳಗೆ ಹೇಳು ಎಂದಿದ್ದರು. ಅಂಬರೀಶನ ಜೀವ ಹಾರುತ್ತಿತ್ತು. ಪದ್ಮಲತಾಳದ್ದಂತೂ ಆಗಲೇ ಹಾರಿ ಆ ದ್ವೀಪ ಸೇರಿತ್ತು. ಆದರೆ ಅವನು, "ಅತ್ತೆಗೆ ಮಾತು ಕೊಟ್ಟಿದೀನಿ, ಅವ್ರಾಗೇ ಬಿಡಿಸ್ದೆ ನಾನು ಹೋಗಲ್ಲ," ಎಂದು ಕೂತ. ಬಂದು ಕೇಳೋಣವೆಂದರೆ ಆಷಾಢ. ಫೋನಿನಲ್ಲಿ ಕೇಳುವ ಮಾತಲ್ಲ. ಪದ್ಮಲತಾ ಕೇಳಿದ್ದಕ್ಕೆ ತಾಯಿ ಹಿಟ್ಟು ರುಬ್ಬುತ್ತಲೇ, "ಎರಡು ಗೋಲು!" ಎಂದು ಬೆರಳೆತ್ತಿ ತೋರಿಸಿದ್ದಳು. ಒಂದು ಸಲ ಕಣ್ಣಾರೆ ಅವನ ಆಟ ನೋಡಲಿ ಎಂದು ಮಗಳು ಇವತ್ತಿನ ಹೂಟ ಹೂಡಿದ್ದಳು. ಒಬ್ಬಳೇ ಫೈನಲ್ ನೋಡಲು ಹೋಗುತ್ತೇನೆ ಎಂದಳು. ಆಟ ಮುಗಿದ ಮೇಲೆ ಇವಳು ಗಂಡನ ಬೈಕು ಹತ್ತಿ ಹಿಂದೂಪುರ ಸೇರಿಬಿಟ್ಟಾಳೆಂಬ ಭಯಕ್ಕೆ ತಾಯಿ ಹೋಟೆಲನ್ನು ಗಂಡನಿಗೆ ಒಪ್ಪಿಸಿ ಕಾವಲಿಗೆ ಹೊರಟಳು. ಹೂಟ ಫಲಿಸಿತು. ತಾಯಿ ಬೆನ್ನು ತಿರುಗಿಸಿ ಕೂರುತ್ತಾಳೆಂದು ಯಾರಿಗೆ ಗೊತ್ತಿತ್ತು?

ವಿಷಲ್ ಕೂಗಿತು. ಪಕ್ಕದ ಕುರ್ಚಿಯಲ್ಲಿದ್ದ ಹೂವಿನ ಲಕ್ಷ್ಮಕ್ಕ ತಾನಾಗಿಯೇ ವರದಿ ಒಪ್ಪಿಸತೊಡಗಿದಳು. "ನಿನ್ನ ಅಳಿಯ ನಡೂಮಧ್ಯದಾಗೆ ಅವ್ನೆ ಕಣಕ್ಕಾ. ಚೆಂಡು ಬಂತು... ಕೊಟ್ಬುಟ್ಟ."

"ಯಾರ್ಗೆ?"

"ಇನ್ಯಾವನ್ಗೋ. ಮತ್ತೆ ಬಂತು... ಅಯ್ಯೋ, ಮತ್ತೆ ಕೊಟ್ಬುಟ್ಟ. ಇವ್ನ ಕಾಲಾಗೆ ಚೆಂಡೇ ನಿಲ್ಲಾಕಿಲ್ಲ."

"ಗೋಲ್ ಕಡೀಕೆ ಹೋಗಲ್ವಾ?"

"ಊಹೂಂ."

ವರಲಕ್ಷ್ಮಮ್ಮ ಮಗಳ ಕಡೆ ನೋಡಿದಳು. ಪದ್ಮಲತಾ ಉಗುರು ಕಚ್ಚುತ್ತಿದ್ದಳು.

ಅಷ್ಟರಲ್ಲಿ ಕಲ್ಯಾಣದುರ್ಗದವರು ಗೋಲು ಹೊಡೆದರು. ಜನ ಕುರ್ಚಿಗಳ ಮೇಲೆ ಹತ್ತಿ ಕುಣಿದರು, ಯಾರೋ ಟವೆಲು ಮೇಲಕ್ಕೆಸೆದರು. ಲಕ್ಷ್ಮಕ್ಕ ಮಡಿಲಲ್ಲಿದ್ದ ಹೂವನ್ನೆಲ್ಲ ಚೆಲ್ಲಿಕೊಂಡು ಕೂಗಿದಳು. ವರಲಕ್ಷ್ಮಮ್ಮನಿಗೆ ಊರಿನವಳಾಗಿ ಹಿಗ್ಗು, ಅತ್ತೆಯಾಗಿ ಅವಮಾನ. ಎರಡೂ ಒಟ್ಟಿಗೆ ಬಂದು ಮುಖ ಯಾವ ಕಡೆಗೂ ಸರಿಹೋಗಲಿಲ್ಲ.

ಬಿಡುವು ಮುಗಿದು ಮತ್ತೆ ಆಟ ಶುರುವಾದಾಗ ಜನದ ದನಿಯೇ ಬದಲಾಗಿತ್ತು. ವರಲಕ್ಷ್ಮಮ್ಮನ ಎದುರಿಗಿದ್ದವರೆಲ್ಲ ದಿನಾ ಅವಳ ಕೈಯ ಇಡ್ಲಿ ತಿನ್ನುವವರೇ. ಚಟ್ನಿಗೆ ಉಪ್ಪು ಹೆಚ್ಚಾಗಿದ್ದರೆ ಇವರು ಬಾಯಿ ಬಿಡುವ ಮೊದಲೇ ಅವಳಿಗೆ ತಿಳಿಯುತ್ತಿತ್ತು. ಈಗ ಅವರ ಮುಖಗಳಲ್ಲಿ ಹೆದರಿಕೆ ಕಾಣುತ್ತಿತ್ತು.

"ಆ ಎಂಟನೇ ನಂಬರ್‌ನೋನ್ನ ಹಿಡ್ಕಳ್ರಲಾ!" ಎಂದು ಆಟೋ ಓಬುಳಪತಿ ಕುತ್ತಿಗೆಯ ನರ ಉಬ್ಬಿಸಿ ಅರಚಿದ.

"ವಾಣ್ನಿ ವದಲದ್ದುರಾ! ಬುಟ್ರೆ ಕೆಟ್ವಿ ಕಣ್ರಲಾ!" ಎಂದು ಹಿಂದಿನಿಂದ ಇನ್ನೊಬ್ಬ ತೆಲುಗಿನಲ್ಲೂ ಕನ್ನಡದಲ್ಲೂ ಕೂಗಿದ.

ಎಂಟನೇ ನಂಬರಿನವನ ಅಪ್ಪ ಅಮ್ಮ, ತಾತ ಮುತ್ತಾತ ಯಾರೊಬ್ಬರೂ ಬೈಗುಳದಿಂದ ತಪ್ಪಿಸಿಕೊಳ್ಳಲಿಲ್ಲ.

"ಯಾರೇ ಅವ್ನು, ಎಂಟನೇ ನಂಬರು?" ಎಂದು ವರಲಕ್ಷ್ಮಮ್ಮ ಕೇಳಿದಳು.

"ನಮ್ಮನೆಯೋರೇ ಕಣಮ್ಮಾ," ಎಂದಳು ಪದ್ಮಲತಾ.

ವರಲಕ್ಷ್ಮಮ್ಮ ಸೆರಗು ಸರಿಮಾಡಿಕೊಂಡಳು. ಗೋಲು ಹೊಡೆಯದವನನ್ನು ಊರಿಗೆ ಊರೇ ಯಾಕೆ ಹೀಗೆ ಬೈಯುತ್ತದೆ? ಎದುರು ಹೋಟೆಲಿನವನು ತನ್ನನ್ನು ಬೈಯತೊಡಗಿದ ವರ್ಷವೇ ತನ್ನ ವ್ಯಾಪಾರ ಕುದುರಿದ್ದು ಅವಳಿಗೆ ನೆನಪಾಯಿತು. "ಹಣ್ಣು ಬಿಟ್ಟ ಮರಕ್ಕೇ ಕಲ್ಲೇಟು," ಎಂದು ಗೊಣಗಿದಳು. ಆಮೇಲೆ ಕಿವಿಯನ್ನು ಚುರುಕು ಮಾಡಿಕೊಂಡು ಕೂತಳು. ಲಕ್ಷ್ಮಕ್ಕ "ನಿನ್ನ ಅಳಿಯನ್ಗೆ ಬಂತು" ಎನ್ನುವುದು, ಒಂದು ಗಳಿಗೆ ಬಿಟ್ಟು ಎದುರಿನ ಜನ "ಅಯ್ಯಯ್ಯೋ" ಎಂದು ಏಳುವುದು. ಪ್ರತಿಸಲವೂ ಇದೇ ಸಾಲು. ಒಮ್ಮೆ ಹಾಗೆ ಎದ್ದವರು ಹಾಗೆಯೇ ತಲೆ ಹಿಡಿದುಕೊಂಡು ಕೂತರು. ಹಿಂದೂಪುರದವರು ಗೋಲನ್ನು ಸಮ ಮಾಡಿದ್ದರು.

"ನಮ್ಮ ಅಳಿಯನಾ?"

"ಅವ್ನಲ್ಲ, ಇನ್ಯಾವನೋ ಉದ್ದನೆ ಹುಡುಗ."

"ಚೆಂಡು ಕೊಟ್ಟಿದ್ಯಾರು?"

ಲಕ್ಷ್ಮಕ್ಕನಿಗೆ ಒಪ್ಪಿಕೊಳ್ಳಲು ಮನಸ್ಸಿರಲಿಲ್ಲ. "ಅವ್ನೇ," ಎಂದಳು.

ಆಟ ಮುಗಿಯುತ್ತ ಬಂತು. ಯಾರೂ ಕೂತಿರಲಿಲ್ಲ. ಧೂಳು ವರಲಕ್ಷ್ಮಮ್ಮನ ಬೆನ್ನಿಗೇ ಬಂದು ಬಡಿಯುತ್ತಿತ್ತು, ಬೂಟುಗಳ ಸದ್ದು ಎದೆಯೊಳಗೇ ಕೇಳಿದ ಹಾಗಾಗುತ್ತಿತ್ತು. "ಬಂತು," ಎಂದ ಲಕ್ಷ್ಮಕ್ಕ ಅಲ್ಲಿಗೇ ಮಾತು ನಿಲ್ಲಿಸಿದಳು. ಓಬುಳಪತಿಯ ಬಾಯಿ ತೆರೆದೇ ಉಳಿಯಿತು. ಮೈದಾನಕ್ಕೆ ಮೈದಾನವೇ ಉಸಿರು ಹಿಡಿಯಿತು.

"ಏನಾಯ್ತೇ? ಹೇಳೇ! ಲಕ್ಷ್ಮೀ, ಹೇಳೇ ಮುಂಡೇದೇ!"

ಲಕ್ಷ್ಮಕ್ಕ ಕತ್ತು ಚಾಚಿ ಮೈದಾನವನ್ನೇ ನೋಡುತ್ತಿದ್ದಳು. ವರಲಕ್ಷ್ಮಮ್ಮ ತಿರುಗಿಬಿಟ್ಟಳು.

ಅಂಬರೀಶ್ ಚೆಂಡಿನ ಮೇಲೆ ಒಂದು ಕಾಲಿಟ್ಟು ನಿಂತಿದ್ದ. ಮೂವರು ಅವನನ್ನು ಮುತ್ತಿದ್ದರು. ಅವನು ಚೆಂಡನ್ನೂ ನೋಡುತ್ತಿರಲಿಲ್ಲ, ಆ ಮೂವರನ್ನೂ ನೋಡುತ್ತಿರಲಿಲ್ಲ. ಕತ್ತೆತ್ತಿ ಸುಮ್ಮನೆ ದೂರ ಕಣ್ಣಾಡಿಸಿ, ಸರಕ್ಕನೆ ಮೈ ತಿರುಗಿಸಿ, ಎಡಗಡೆ ಯಾರೂ ಇಲ್ಲದ ಬಯಲಿಗೆ ಚೆಂಡನ್ನು ಒದ್ದ.

"ಅಯ್ಯೋ, ಅಲ್ಲಿ ಯಾರವ್ರೆ?" ಎಂದು ವರಲಕ್ಷ್ಮಮ್ಮ ಕೂಗಿಯೇಬಿಟ್ಟಳು.

ಯಾರೂ ಇರಲಿಲ್ಲ. ಆಮೇಲೆ ಎಲ್ಲಿಂದಲೋ ಆ ಉದ್ದನೆ ಹುಡುಗ ಓಡಿ ಬಂದ. ಅವನೂ ಚೆಂಡೂ ಒಟ್ಟಿಗೆ ಅಲ್ಲಿ ಸೇರಿದರು. ಮುಂದಿನದು ಬರೀ ಬಲೆ ಅಲುಗಿದ್ದು. ಹಿಂದೂಪುರದಿಂದ ಲಾರಿ ಮಾಡಿಕೊಂಡು ಬಂದಿದ್ದವರ ಕೂಗಿಗೆ ಬೇವಿನ ಮರದ ಕಾಗೆಗಳೆಲ್ಲ ಎದ್ದವು. ವರಲಕ್ಷ್ಮಮ್ಮ ತಾನು ಯಾವ ಊರಿನವಳೆನ್ನುವುದನ್ನು ಮರೆತು ಕೈ ತಟ್ಟುತ್ತಿದ್ದಳು.

"ಆ ಹುಡುಗ ಅಲ್ಲೀಗೆ ಬತ್ತಾನೆ ಅಂತ ಇವ್ರಿಗೆ ಮೊದ್ಲೇ ಹೆಂಗೇ ಗೊತ್ತಾಯ್ತು?"

"ಅದೇ ಕಣಮ್ಮಾ ಅವ್ರ ಕೆಲ್ಸ," ಎಂದಳು ಪದ್ಮಲತಾ.

ಕೊನೆಯ ವಿಷಲ್ ಆಯಿತು. ಗೆದ್ದವರು ಗೋಲು ಹೊಡೆದ ಹುಡುಗನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತ ಹೋದರು. ಅಂಬರೀಶ್ ಮೈದಾನದ ನಡುವೆ ಒಬ್ಬನೇ ಕೂತು ಬೂಟಿನ ದಾರ ಸಡಿಲಿಸುತ್ತಿದ್ದ. ವರಲಕ್ಷ್ಮಮ್ಮನಿಗೆ ಅದನ್ನು ಸಹಿಸಲಾಗಲಿಲ್ಲ. "ಆ ಹುಡುಗನ್ನ ಹೊತ್ಕಂಡು ಹೋಯ್ತಾರೆ, ಇವ್ರನ್ನ ಕೇಳೋರೇ ಇಲ್ವಾ?" ಎನ್ನುತ್ತ ಸೆರಗು ಸೊಂಟಕ್ಕೆ ಸಿಕ್ಕಿಸಿ ಸುಣ್ಣದ ಗೆರೆ ದಾಟಿದಳು.

"ಅಮ್ಮಾ, ಆಷಾಢ!" ಎಂದು ಪದ್ಮಲತಾ ಗಾಬರಿಯಾದಳು.

"ನೋಡಿದ್ದಾಯ್ತಲ್ಲ. ಅರ್ಧ ನೋಡಿದ್ರೂ ಅಷ್ಟೇ ಪಾಪ, ಪೂರಾ ನೋಡಿದ್ರೂ ಅಷ್ಟೇ."

ಅತ್ತೆ ಬರುವುದನ್ನು ಕಂಡ ಅಂಬರೀಶ್ ಒಂದು ಬೂಟು ಕೈಯಲ್ಲಿ ಹಿಡಿದೇ ಎದ್ದ. ಏನು ಮಾಡಬೇಕೆಂದು ತೋಚದೆ, ಮರ್ಯಾದೆಗೆ ಅವಳಿಗೆ ಬೆನ್ನು ತಿರುಗಿಸಿ ನಿಂತುಬಿಟ್ಟ.

"ಅಳಿಯಂದ್ರೇ."

"ಹೇಳಿ ಅತ್ತೆ," ಎಂದ ಅವನು ಎದುರಿನ ಗೋಲು ಕಂಬಕ್ಕೆ.

ವರಲಕ್ಷ್ಮಮ್ಮ ಅವನ ಕಾಲಿನ ಕಡೆ ನೋಡಿದಳು. ಅವನ ಮೀನಖಂಡದ ಮೇಲೆ ಬೂಟಿನ ಮೊಳೆ ಗೀರಿದ ಗಾಯದಿಂದ ರಕ್ತ ಇಳಿಯುತ್ತಿತ್ತು.

"ಆ ದ್ವೀಪದಾಗೆ ರಾಗಿ ಹಿಟ್ಟು ಸಿಗ್ತದಾ?"

ಅಂಬರೀಶನ ಬೆನ್ನು ಅಲುಗಲಿಲ್ಲ. "ಇಲ್ಲ ಅತ್ತೆ. ಬರೀ ಅನ್ನ, ಮೀನು."

"ಹಂಗಾದ್ರೆ ನಾನು ಕಟ್ಕೊಡ್ತೀನಿ. ಇಬ್ರಿಗೆ ತಿಂಗಳಿಗೆ ಎಷ್ಟು ಸೇರು ಬೇಕಾಯ್ತದೆ?" ಎಂದು ವರಲಕ್ಷ್ಮಮ್ಮ ಮೈದಾನದ ಅಂಚಿಗೂ ಕೇಳುವಷ್ಟು ಗಟ್ಟಿಯಾಗಿ ಕೇಳಿದಳು.

ಅವನು ನಿಧಾನಕ್ಕೆ ತಿರುಗಿದ. ಅತ್ತೆಯ ಭುಜದಾಚೆಗೆ ನೋಡಿದ. ಸುಣ್ಣದ ಗೆರೆಯ ಆಚೆಯೇ ನಿಂತ ಪದ್ಮಲತಾ ಒಂದು ಕೈಯಿಂದ ಕಣ್ಣೊರೆಸಿಕೊಳ್ಳುತ್ತ, ಇನ್ನೊಂದು ಕೈಯ ಐದೂ ಬೆರಳು ಎತ್ತಿ ತೋರಿಸುತ್ತಿದ್ದಳು.