ಛೋಡೇರ ಮನೆ

ಕೊಪ್ಪಳದಲ್ಲಿ ಒಬ್ಬನಿಗೆ ಅಡ್ಡಹೆಸರು ಬೀಳಲು ಒಂದು ಸಂಜೆ ಸಾಕು, ಅದು ಹೋಗಬೇಕೆಂದರೆ ಮೂರು ತಲೆಮಾರು ಬೇಕು. ಯಾರದೋ ಮುತ್ತಜ್ಜ ಸಂತೆಯಲ್ಲಿ ಒಂದು ಬುಟ್ಟಿ ಉಳ್ಳಾಗಡ್ಡಿ ಚೆಲ್ಲಿಕೊಂಡಿದ್ದರೆ ಮುಗಿಯಿತು, ಅವನ ಮರಿಮಕ್ಕಳೂ ಉಳ್ಳಾಗಡ್ಡಿಯವರೇ. ದ್ಯಾವಪ್ಪನಿಗೆ ಬಿದ್ದ ಹೆಸರು ಅದಕ್ಕಿಂತ ಕೆಟ್ಟದು. ಅವನನ್ನು ಊರೆಲ್ಲ ‘ಛೋಡೋ’ ಎಂದು ಕರೆಯುತ್ತಿತ್ತು, ಅವನ ಮನೆಯನ್ನು ‘ಛೋಡೇರ ಮನಿ’ ಎಂದು.

ಇದಕ್ಕೆಲ್ಲ ಕಾರಣ ಹಾಕಿ. ಆ ಮೂವತ್ತೆಂಟು ಮೂವತ್ತೊಂಬತ್ತನೆಯ ಇಸವಿಯಲ್ಲಿ ನಮ್ಮ ಕಡೆ ಹಾಕಿಯ ಹುಚ್ಚು ಹಿಡಿಯದ ಗಂಡಸು ಅಪರೂಪ. ಹತ್ತಿ ಕಾರ್ಖಾನೆಯ ಸಾಹುಕಾರ ಅಮರಪ್ಪನಿಗಂತೂ ಅದು ನೆತ್ತಿಗೇರಿತ್ತು. ಗಟ್ಟಿಮುಟ್ಟಾದ ಹನ್ನೊಂದು ಮಂದಿಯನ್ನು ಆರಿಸಿ, ಬೆಳಿಗ್ಗೆ ಹತ್ತಿ ಹೊರುವುದು, ಮಧ್ಯಾಹ್ನದ ಮೇಲೆ ಆಡುವುದು, ಎರಡಕ್ಕೂ ಪಗಾರ ಎಂದು ಇಟ್ಟುಕೊಂಡ. ಆಡಿ ಪಗಾರ ತರುವ ಗಂಡಸರನ್ನು ಕಂಡು ಹೆಂಗಸರಿಗೆ ನಗು ತಡೆಯುತ್ತಿರಲಿಲ್ಲ. ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಸಾಹುಕಾರರು ಸುಮ್ಮನಿರುತ್ತಾರೆಯೇ? ಅವರೂ ಹಟಕ್ಕೆ ಬಿದ್ದು ತಂಡ ಕಟ್ಟಿದರು. ಸುಗ್ಗಿ ಮುಗಿದರೆ ನಾಲ್ಕೂ ಊರಿನ ನಡುವೆ ಪಂದ್ಯ. ಕೊಪ್ಪಳದ ಗೋಲು ಕಾಯುವವನು ದ್ಯಾವಪ್ಪ. ಅವನ ಮುಂದೆ ನಿಂತು ತಡೆಯುವವನು ಕ್ಯಾಪ್ಟನ್ ಶಫೀಸಾಬ.

ಹಿಂದಿನ ವರ್ಷದ ಫೈನಲ್‌ನಲ್ಲಿ ಗಂಗಾವತಿಯವನೊಬ್ಬ ಹೊಡೆದ ಚೆಂಡು ನೆಟ್ಟಗೆ ದ್ಯಾವಪ್ಪನ ಕಡೆ ಬಂತು. ಶಫೀಸಾಬ ಓಡುತ್ತಲೇ ತನ್ನ ಮನೆಮಾತಾದ ಉರ್ದುವಿನಲ್ಲಿ ‘ಛೋಡೋ ನಕ್ಕೋ’ ಎಂದು ಕೂಗಿದ. ಬಿಡಬೇಡ ಎಂದು ಅರ್ಥ. ಆದರೆ ಓಡುವವನಿಗೆ ಎರಡು ಮಾತಿನ ನಡುವೆ ಏದುಸಿರು ಬಂತು. ಬಿಡು ಅನ್ನುವ ‘ಛೋಡೋ’ ಕಿವಿಗೆ ಬಿದ್ದದ್ದೇ ದ್ಯಾವಪ್ಪ ಪಕ್ಕಕ್ಕೆ ಸರಿದ. ‘ನಕ್ಕೋ’ ಬರುವಷ್ಟರಲ್ಲಿ ಚೆಂಡು ಬಲೆಯಲ್ಲಿತ್ತು. ಕಪ್ಪು ಗಂಗಾವತಿಗೆ ಹೋಯಿತು, ಹೆಸರು ದ್ಯಾವಪ್ಪನಿಗೆ ಅಂಟಿತು.

ಅದನ್ನೂ ಅವನು ಹೇಗೋ ನುಂಗಿಕೊಂಡಿದ್ದ. ಆದರೆ ಈ ಹೆಸರು ಈಗ ತಂಗಿ ಹೊಳಿಯಮ್ಮನ ಮದುವೆಗೇ ಅಡ್ಡ ಬಂದು ಕೂತಿತು. ಹಿಟ್ನಾಳದ ಮಾರೆಪ್ಪ ತನ್ನ ತಂಗಿಯ ಮಗನಿಗೆ ಹೆಣ್ಣು ನೋಡಲು ಅವನನ್ನೂ ಕರೆದುಕೊಂಡು ಬಂದಿದ್ದ. ಹುಡುಗಿ ಒಪ್ಪಿಗೆಯಾದಳು, ಹುಡುಗನನ್ನು ಹೊಳಿಯಮ್ಮನೂ ಮೆಚ್ಚಿದಳು. ಮಾರೆಪ್ಪ ಹೊರಟು ನಿಂತಾಗ ಓಣಿಯಲ್ಲಿ ಯಾವಳೋ ಪುಣ್ಯಾತ್ಗಿತ್ತಿ, “ಛೋಡೇರ ಮನಿಗೆ ಬೀಗರು ಬಂದಾರ ನೋಡ್ರಿ,” ಎಂದು ಕೂಗಿದಳು.

ಮಾರೆಪ್ಪನಿಗೆ ಉರ್ದು ನಾಲ್ಕು ಮಾತು ಬರುತ್ತಿತ್ತು. ಆ ನಾಲ್ಕರಲ್ಲಿ ಇದೂ ಒಂದಾಗಿತ್ತು, ನಮ್ಮ ದುರ್ದೈವ.

“ಛೋಡ್ ಅಂದ್ರ ಬಿಡು ಅಂತಲ್ಲೇನು ತಮ್ಮಾ?” ಎಂದು ಅವನು ಜೋಡು ಮೆಟ್ಟುತ್ತ ಕೇಳಿದ. “ನಮ್ಮ ಮನಿ ಹಿರಿ ಸೊಸಿ ಗಂಡನ್ನ ಬಿಟ್ಟು ಹೋಗ್ಯಾಳ. ಈಗ ಬಿಡೋರ ಮನಿ ಹೆಣ್ಣು ತಂದೀವಿ ಅಂದ್ರ ಮಂದಿ ನಗ್ತಾರ. ಹೆಣ್ಣು ಭಾಳ ಛಲೋ ಐತಿ. ಹೆಸರಿಂದ ತ್ರಾಸು. ಈ ವರ್ಷದ ಫೈನಲ್ ನೋಡಾಕ ಬರ್ತೀನಿ. ಆ ಹೆಸರು ಹೋತಂದ್ರ ಮುಂದಿನ ಮಾತು.”

ಅಂದು ರೊಟ್ಟಿ ಬಡಿಯುತ್ತ ಹೊಳಿಯಮ್ಮ ಒಂದೇ ಮಾತು ಹೇಳಿದಳು: “ಅಣ್ಣಾ, ಈ ಸಲ ಬಿಡಬ್ಯಾಡಪಾ.”

ಮರುದಿನ ದ್ಯಾವಪ್ಪ ಶಫೀಸಾಬನನ್ನು ಹತ್ತಿಯ ರಾಶಿಯ ಹಿಂದೆ ಕರೆದುಕೊಂಡು ಹೋದ. “ಶಫೀಸಾಬ್ರ, ಕೈ ಮುಗೀತೀನಿ, ಇನ್ನ ಮ್ಯಾಲೆ ಕನ್ನಡದಾಗ ಒದರ್ರಿ.” ಶಫೀಸಾಬನಿಗೂ ಒಳಗೊಳಗೇ ಸಂಕಟವಿತ್ತು. ತನ್ನ ಬಾಯಿಂದ ಬಿದ್ದ ಮಾತು ಇನ್ನೊಬ್ಬರ ಮನೆಯ ಹೆಸರಾಗಿದ್ದನ್ನು ಅವನು ಮರೆತಿರಲಿಲ್ಲ. “ಆತು ದ್ಯಾವಪ್ಪಾ, ಖರೇನ ಹೇಳ್ತೀನಿ, ಹಿಡಿ, ಬಿಡು, ಎರಡ ಮಾತು. ಬ್ಯಾರೇದ್ದು ಬಾಯಿಗೆ ಬಂದ್ರ ಕೇಳು,” ಎಂದ. ಹೇಳುವುದೇನೋ ಸುಲಭ.

ಆ ಸಲದ ಆಟ ಶುರುವಾದಾಗ ಕೊಪ್ಪಳದ ಗತಿ ನೋಡುವ ಹಾಗಿರಲಿಲ್ಲ. ಕುಷ್ಟಗಿಯಲ್ಲಿ ಸೋಲು, ಗಂಗಾವತಿಯಲ್ಲಿ ಮತ್ತೂ ದೊಡ್ಡ ಸೋಲು. ಹೋದಲ್ಲೆಲ್ಲ ಗೋಲಿನ ಹಿಂದೆ ಮಂದಿ ಗುಂಪುಗಟ್ಟಿ ‘ಛೋಡೋ, ಛೋಡೋ’ ಎಂದು ಅಣಕಿಸುತ್ತಿದ್ದರು. ಯಲಬುರ್ಗಾದಲ್ಲಿ ಹೇಗೋ ಗೆದ್ದರು. ತಿರುಗಿ ತಮ್ಮೂರಿನಲ್ಲಿ ಕುಷ್ಟಗಿಯನ್ನು ಸೋಲಿಸಿ, ಕೊನೆಗೆ ಎರಡನೆಯ ಸ್ಥಾನಕ್ಕೆ ಬಂದು ನಿಂತರು. ಮೊದಲಿಬ್ಬರಿಗೆ ಫೈನಲ್. ಎದುರಾಳಿ ಮತ್ತೆ ಗಂಗಾವತಿಯೇ, ಆಟ ಮಾತ್ರ ಕೊಪ್ಪಳದಲ್ಲಿ.

ಕರಿನೆಲವನ್ನು ನೀರು ಹೊಡೆದು, ಎತ್ತು ಕಟ್ಟಿ ಗುಂಡು ಉರುಳಿಸಿ ಕಣದ ಹಾಗೆ ಗಟ್ಟಿ ಮಾಡಿದ್ದರು. ಎರಡೂ ಗೋಲಿನ ಮುಂದೆ ಸುಣ್ಣದಲ್ಲಿ ಅರ್ಧಚಂದ್ರದಂಥ ಗೆರೆ. ಎದುರಾಳಿ ಆ ಗೆರೆಯ ಒಳಗೆ ಬಂದು ಹೊಡೆದರೆ ಮಾತ್ರ ಗೋಲು. ಹೊರಗಿನಿಂದ ಹೊಡೆದದ್ದು ಬಲೆಗೆ ಹೋದರೂ ಲೆಕ್ಕಕ್ಕಿಲ್ಲ. ಇದು ಆಡುವವರಿಗೆ ಗೊತ್ತು, ನೋಡಲು ಬಂದ ಅರ್ಧ ಊರಿಗೆ ಗೊತ್ತಿಲ್ಲ. ಹಿಟ್ನಾಳದಿಂದ ಬಂದು ಮುಂದಿನ ಸಾಲಿನಲ್ಲಿ ಕೂತ ಮಾರೆಪ್ಪನಿಗಂತೂ ಸುತರಾಂ ಗೊತ್ತಿಲ್ಲ.

ಕೊಪ್ಪಳ ಮೊದಲೇ ಒಂದು ಗೋಲು ಹೊಡೆಯಿತು. ಆಮೇಲಿನದೆಲ್ಲ ದ್ಯಾವಪ್ಪನ ಜೀವ ಹಿಂಡುವ ಆಟ. ಅವನು ಒಂದು ಚೆಂಡನ್ನು ಪ್ಯಾಡಿನಲ್ಲಿ ತಡೆದ, ಒಂದನ್ನು ಎದೆಯಲ್ಲಿ, ಒಂದನ್ನು ಯಾವುದರಲ್ಲಿ ತಡೆದನೋ ಅವನಿಗೇ ತಿಳಿಯಲಿಲ್ಲ. ಬೆನ್ನ ಹಿಂದೆ ಗಂಗಾವತಿಯ ಮಂದಿ ‘ಛೋಡೋ’ ಅನ್ನುವುದನ್ನು ನಿಲ್ಲಿಸಲೇ ಇಲ್ಲ. ಇನ್ನು ಎರಡು ನಿಮಿಷ ಉಳಿದಾಗ ಗಂಗಾವತಿಯವರು ಒಟ್ಟಾಗಿ ನುಗ್ಗಿದರು. ಧೂಳೆದ್ದು ಗೆರೆ ಮುಚ್ಚಿಹೋಯಿತು. ಟಪ್ ಎಂದು ಸ್ಟಿಕ್ಕಿನ ಸದ್ದು ಕೇಳಿತು, ಧೂಳಿನೊಳಗಿಂದ ಚೆಂಡು ಹೊರಬಿತ್ತು. ಯಾರು ಹೊಡೆದರು, ಎಲ್ಲಿಂದ ಹೊಡೆದರು, ದ್ಯಾವಪ್ಪನಿಗೆ ಕಾಣಲಿಲ್ಲ. ಗಂಗಾವತಿಯ ಇಬ್ಬರು ಅವನ ಮೈಮೇಲೆ ಬಂದು ನಿಂತದ್ದು ಮಾತ್ರ ಕಂಡಿತು. ಚೆಂಡು ಪ್ಯಾಡಿಗೆ ಬಡಿದು ತಿರುಗಿದರೆ ಸಾಕು, ಅದನ್ನು ಒಳಗೆ ನೂಕಲು ಅವರು ಕಾದಿದ್ದರು.

ಆಗ ಶಫೀಸಾಬನ ದನಿ ಬಂತು. “ಛೋಡೋ!”

ಹಾಳಾದ ಮನೆಮಾತೇ ಮತ್ತೆ! ಕನ್ನಡವೆಲ್ಲ ಆ ಗಳಿಗೆಯಲ್ಲಿ ಎಲ್ಲಿ ಹೋಗಿತ್ತೋ. ದ್ಯಾವಪ್ಪನ ಕಿವಿ ಮುಂದಿನ ಮಾತಿಗೆ ಕಾಯಿತು. ‘ನಕ್ಕೋ’ ಬಂದರೆ ಹಿಡಿಯಬೇಕು. ಚೆಂಡು ಹತ್ತು ಹೆಜ್ಜೆ ದೂರವಿತ್ತು, ಐದಾಯಿತು. ನಕ್ಕೋ ಬರಲಿಲ್ಲ. ಏದುಸಿರಲ್ಲಿ ಸಿಕ್ಕಿಕೊಂಡಿದೆಯೋ, ಇಲ್ಲವೇ ಇಲ್ಲವೋ? ಹಿಡಿದರೆ ಯಾರೂ ಬಯ್ಯುವುದಿಲ್ಲ. ಬಿಟ್ಟು ತಪ್ಪಾದರೆ ತಂಗಿಯ ಮುಖ ಹೇಗೆ ನೋಡುವುದು? ಆದರೂ ಅಲ್ಲಿ, ಗೆರೆಯ ಹತ್ತಿರ, ಕಣ್ಣಿದ್ದವನು ಶಫೀಸಾಬ ಒಬ್ಬನೇ.

ದ್ಯಾವಪ್ಪ ಪಕ್ಕಕ್ಕೆ ಸರಿದ. ಚೆಂಡು ಸುಯ್ಯೆಂದು ಬಲೆಗೆ ಹೋಗಿ ಬಿತ್ತು.

ಗಂಗಾವತಿಯ ಮಂದಿ ರುಮಾಲು ಹಾರಿಸಿದರು. ಅಮರಪ್ಪ ಸಾಹುಕಾರ ಕುರ್ಚಿಯಲ್ಲೇ ತಲೆ ಹಿಡಿದುಕೊಂಡ. ದ್ಯಾವಪ್ಪ ಕಣ್ಣು ಮುಚ್ಚಿ ನಿಂತ. ಅಂಪೈರನ ಸೀಟಿ ಕೇಳಿತು, ಆಮೇಲೆ ಅವನ ದನಿ: “ಗೋಲಲ್ಲ! ಗೆರಿ ಹೊರಗಿಂದ ಹೊಡದಾರ!”

ದ್ಯಾವಪ್ಪ ಗೋಲಿನ ಕಂಬ ಹಿಡಿದು ಅಲ್ಲೇ ಕುಕ್ಕರಿಸಿದ. ಒಂದು ವರ್ಷದಿಂದ ಎದೆಯ ಮೇಲೆ ಕೂತಿದ್ದ ಭಾರ ಎದ್ದುಹೋದಂತಾಗಿ, ಅಳುವೋ ನಗುವೋ ಗೊತ್ತಾಗದ ಒಂದು ಸದ್ದು ಅವನ ಬಾಯಿಂದ ಬಂತು. ಉಳಿದ ಹೊತ್ತು ಹೇಗೆ ಕಳೆಯಿತೆಂದು ಅವನಿಗೆ ಕೊನೆತನಕ ನೆನಪಾಗಲಿಲ್ಲವಂತೆ. ಕಪ್ಪು ಕೊಪ್ಪಳಕ್ಕೆ ಬಂತು.

ಮಾರೆಪ್ಪ ಮಂದಿಯನ್ನು ಸರಿಸಿಕೊಂಡು ಬಂದ. “ಚೆಂಡು ಒಳಗ ಹೋತು, ನೀ ಬಿಟ್ಟಿ, ಗೆದ್ದವ್ರೂ ನೀವ. ಇದೆಂಥಾ ಆಟೋ ಮಾರಾಯಾ?”

ಶಫೀಸಾಬ ಮಣ್ಣಿನಲ್ಲಿ ಗೆರೆ ಎಳೆದು, ಹೋದ ವರ್ಷದ ಕಥೆಯನ್ನೂ ಸೇರಿಸಿ ತಿಳಿಸಿದ. “ಮುಟ್ಟಿದ್ರ ತಿರುಗಿ ಒಳಗ ಹೊಡೀತಿದ್ರು ಕಾಕಾ. ನಾ ಬಿಡು ಅಂದೆ, ಇಂವ ನಂಬಿದ.”

ಮಾರೆಪ್ಪ ದ್ಯಾವಪ್ಪನ ಕಡೆ ತಿರುಗಿದ. “ಹೋದ ವರ್ಷ ಇವನ ಮಾತು ಕೇಳಿ ಹೆಸರು ಕೆಡಿಸಿಕೊಂಡಿ. ಈ ವರ್ಷ ಮತ್ತ ಇವನ ಮಾತ ಕೇಳಿದಿ.”

“ಕ್ಯಾಪ್ಟನ್ ಅವರ ಅಲ್ರಿ,” ಎಂದ ದ್ಯಾವಪ್ಪ.

“ಚೆಂಡು ಬಿಟ್ಟಿ, ನಂಬಿಗಿ ಬಿಡಲಿಲ್ಲ,” ಎಂದ ಮಾರೆಪ್ಪ. ಮುಂದಿನ ಸೋಮವಾರ ವೀಳ್ಯದೆಲೆ, ಸಕ್ಕರೆ ಹಿಡಿದುಕೊಂಡು ಬಂದ.

ಲಗ್ನಪತ್ರ ಬರೆಯಲು ಕೂತ ಅಯ್ಯನವರು ಹೆಣ್ಣಿನ ಮನೆತನದ ಹೆಸರು ಕೇಳಿದರು. ದ್ಯಾವಪ್ಪ ಮಾರೆಪ್ಪನ ಕಡೆ ನೋಡಿದ, ಮಾರೆಪ್ಪ ಜಂತಿಯ ಕಡೆ ನೋಡಿದ. ಒಳಗಿಂದ ಹೊಳಿಯಮ್ಮನ ದನಿ ಬಂತು.

“ಛೋಡೇರ ಅಂತ ಬರೀರಿ. ನಮ್ಮಣ್ಣ ಗಳಿಸಿದ ಹೆಸರದು.”